ಆಕಾಶವನ್ನು ಕಳೆಯುವುದು: ಅವಕೆಂಪು ಚಿತ್ರಗಳಲ್ಲಿ ಗೆಲಾಕ್ಸಿಯ ಅಂಚು

ಕೃಷ್ಣಗಿರಿಯಿಂದ ಪೂರ್ವಕ್ಕೆ ವಾಣಿಯಂಬಾಡಿಯವರೆಗೆ ಸಾಗಿ ಜವ್ವಾದಿ ಬೆಟ್ಟಗಳನ್ನೇರಿದರೆ ಕಾವಲೂರಿನ ವೀಕ್ಷಣಾಲಯ. 2.3 ಮೀಟರಿನ ವೈನು ಬಪ್ಪು ದೂರದರ್ಶಕ ಅಲ್ಲಿದೆ. ಆದರೆ ಗಾಳಿಯ ತೇವ ಅವಕೆಂಪು ಕಿರಣಗಳನ್ನು ಹೀರಿಕೊಳ್ಳುವುದರಿಂದ, ಆ ಬೆಳಕಿನ ಅಧ್ಯಯನಕ್ಕೆ ಸುಮಾರು 4,500 ಮೀಟರ್ ಎತ್ತರದ ಲಡಾಖಿನ ಹಾನ್ಲೆಯೇ ಮೇಲು. ಅಲ್ಲಿನ 2 ಮೀಟರಿನ ಚಂದ್ರ ದೂರದರ್ಶಕವನ್ನು ನಡೆಸುವುದು ಹೊಸೂರಿಗೆ ಉತ್ತರದಲ್ಲಿರುವ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ಹಾನ್ಲೆಯಲ್ಲಿಯೂ ಆಕಾಶ ಕಪ್ಪಲ್ಲ. ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ಹೈಡ್ರಾಕ್ಸಿಲ್ ಅಣುಗಳು ರಾತ್ರಿಯಿಡೀ ಅವಕೆಂಪಿನಲ್ಲಿ ಹೊಳೆಯುತ್ತವೆ. 2 ಮೈಕ್ರಾನಿನಾಚೆಗೆ ಗಾಳಿಯ ಮತ್ತು ದೂರದರ್ಶಕದ ಸ್ವಂತ ಶಾಖವೂ ಸೇರುತ್ತದೆ. ಗೆಲಾಕ್ಸಿಯ ಹೊರ ಅಂಚಿನ ಬೆಳಕು ಇದರ ಸಾವಿರದಲ್ಲೊಂದು ಪಾಲೂ ಇರಲಾರದು. ಆಕಾಶ 1000, ಅಂಚು 1 ಎಂದಿಟ್ಟುಕೊಳ್ಳೋಣ. ಚಿತ್ರದಲ್ಲಿ ದಾಖಲಾಗುವುದು 1001. ಆಕಾಶವನ್ನು 1001 ಎಂದು ಎಣಿಸಿ ಕಳೆದರೆ ಅಂಚೇ ಅಳಿದುಹೋಗುತ್ತದೆ. 999 ಎಂದು ಕಳೆದರೆ ಇಮ್ಮಡಿಯಾಗುತ್ತದೆ.

ರೂಢಿಯ ಉಪಾಯ ಸರಳ. ದೂರದರ್ಶಕವನ್ನು ತುಸು ತುಸು ಸರಿಸಿ ಹಲವು ಚಿತ್ರ ತೆಗೆದು, ಪ್ರತಿ ಬಿಂದುವಿನ ಮಧ್ಯಾಂಕವನ್ನು ಆಕಾಶವೆಂದು ಹಿಡಿಯುವುದು. ನಕ್ಷತ್ರಗಳು ಪ್ರತಿ ಚಿತ್ರದಲ್ಲೂ ಬೇರೆಡೆ ಬೀಳುವುದರಿಂದ ಮಧ್ಯಾಂಕದಲ್ಲಿ ಉಳಿಯುವುದಿಲ್ಲ. ಗೆಲಾಕ್ಸಿ ದೊಡ್ಡದಾದರೆ ಮಾತ್ರ ಅದು ಎಲ್ಲ ಚಿತ್ರಗಳಲ್ಲೂ ಇದ್ದು, ಆಕಾಶದೊಳಗೆ ಬೆರೆತು, ತನ್ನನ್ನೇ ತಾನು ಕಳೆದುಕೊಳ್ಳುತ್ತದೆ. ಗ್ರಂಥಸಂಪಾದನೆಯವರಿಗೆ ಈ ಇಕ್ಕಟ್ಟು ಹೊಸದಲ್ಲ: ಪ್ರಕ್ಷಿಪ್ತವೆಂದು ಕೈಬಿಟ್ಟ ಪದ್ಯ ಮೂಲದ್ದೇ ಆಗಿದ್ದರೆ?

ದೂರದ ಬರಿದು ಆಕಾಶವನ್ನು ಪ್ರತ್ಯೇಕವಾಗಿ ಚಿತ್ರಿಸಬಹುದು. ಆಗ ಅರ್ಧ ರಾತ್ರಿ ಅದಕ್ಕೇ ವೆಚ್ಚವಾಗುತ್ತದೆ. ಹೋಗಿ ಬರುವ ಕೆಲವೇ ನಿಮಿಷಗಳಲ್ಲಿ ಹೈಡ್ರಾಕ್ಸಿಲಿನ ಹೊಳಪೂ ಬದಲಾಗಿರುತ್ತದೆ. ಹಾನ್ಲೆಯ ಟಿರ್‌ಸ್ಪೆಕ್ ಉಪಕರಣದ ನೋಟ ಸುಮಾರು 5 ಕಲೆಗಳಷ್ಟು ಅಗಲ. ಆಂಡ್ರೊಮಿಡಾ ಗೆಲಾಕ್ಸಿಯ ಉದ್ದ ಸುಮಾರು 3 ಡಿಗ್ರಿ. ಒಂದು ಸಾಲಿಗೇ 36 ಚಿತ್ರಗಳನ್ನು ಹೊಲಿಯಬೇಕು. ಪ್ರತಿ ಹೊಲಿಗೆಯಲ್ಲಿ ನುಸುಳುವ ಸಣ್ಣ ತಪ್ಪು ಮುಂದಿನದಕ್ಕೆ ದಾಟುತ್ತ ಕೊನೆಗೆ ಗೆಲಾಕ್ಸಿಯೇ ಒಂದು ಕಡೆಗೆ ವಾಲಿದಂತೆ ತೋರಬಹುದು.

ಇದು ಚಿತ್ರದ ಅಂದದ ಪ್ರಶ್ನೆಯಲ್ಲ. ಗೆಲಾಕ್ಸಿಯ ನಕ್ಷತ್ರರಾಶಿಯ ಬಹುಭಾಗವಾದ ಹಳೆಯ ನಕ್ಷತ್ರಗಳು ಸಮೀಪದ ಅವಕೆಂಪಿನಲ್ಲಿಯೇ ಚೆನ್ನಾಗಿ ಕಾಣುತ್ತವೆ, ಧೂಳಿನ ಅಡ್ಡಿಯೂ ಅಲ್ಲಿ ಕಡಿಮೆ. ರಾಶಿಯ ಅಂದಾಜು ನಿಂತಿರುವುದು ಈ ಬೆಳಕಿನ ಮೇಲೆ. ನುಂಗಲ್ಪಟ್ಟ ಕಿರುಗೆಲಾಕ್ಸಿಗಳ ಅವಶೇಷಗಳಿರುವುದೂ ಮಸುಕಾದ ಹೊರವಲಯದಲ್ಲಿಯೇ. ಆದ್ದರಿಂದ, ಗೆಲಾಕ್ಸಿಯ ತಟ್ಟೆ ಇಂಥಲ್ಲಿ ಥಟ್ಟನೆ ಮುಗಿಯುತ್ತದೆ ಎನ್ನುವ ಯಾವ ಲೇಖನದಲ್ಲಿಯೂ ನಾನು ಮೊದಲು ಹುಡುಕುವುದು ಬರಿದು ಆಕಾಶವನ್ನು ಎಲ್ಲಿಂದ, ಎಷ್ಟು ನಿಮಿಷಗಳ ಅಂತರದಲ್ಲಿ ಆರಿಸಿದರು ಎಂಬ ವಿವರವನ್ನು.

2021ರಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕಕ್ಕೆ ವಾಯುಮಂಡಲದ ಕಾಟವಿಲ್ಲ. ಆದರೆ ಸೂರ್ಯನ ಬೆಳಕು ಬಿದ್ದ ಗ್ರಹಾಂತರ ಧೂಳು ಅಲ್ಲಿಯೂ ಹೊಳೆಯುತ್ತದೆ. ಬೇರೆ ಬೇರೆ ತಿಂಗಳಲ್ಲಿ ತೆಗೆದ ಒಂದೇ ಗೆಲಾಕ್ಸಿಯ ಎರಡು ಚಿತ್ರಗಳಿಗೆ ಕಳೆಯಬೇಕಾದ ಹಿನ್ನೆಲೆಯೂ ಬೇರೆಯೇ.