ನಿಮಗಿದು ಗೊತ್ತೆ? ಹೊಟ್ಟೆಗೆ ಹೊಲಿಗೆ ಬಿದ್ದರೂ ಪಾದ ಆಡುತ್ತಿರಲಿ
ಬೀದರ, ಭಾಲ್ಕಿ, ಔರಾದ ಕಡೆ ಸಿಸೇರಿಯನ್ ಆದ ಬಾಣಂತಿಗೆ ಹಿರಿಯರು ಹೇಳುವ ಮಾತು: "ಅಲಗಾಡಬ್ಯಾಡವ್ವಾ, ಹೊಲಿಗಿ ಬಿಚ್ತದ." ಕಾಳಜಿಯ ಮಾತೇ, ಆದರೆ ಅಲುಗಾಡದೆ ಮಲಗಿದರೇ ಅಪಾಯ ಹೆಚ್ಚು. ಮಲಗಿದಲ್ಲೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಮೀನಖಂಡದ ಸ್ನಾಯು ಕಾಲಿನ ರಕ್ತವನ್ನು ಹೃದಯದತ್ತ ದೂಡುತ್ತದೆ. ರಕ್ತ ಹೆಪ್ಪುಗಟ್ಟುವ ಭಯ ತಗ್ಗುತ್ತದೆ. ಆಗಾಗ ದೀರ್ಘವಾಗಿ ಉಸಿರೆಳೆದರೆ ಶ್ವಾಸಕೋಶದ ತಳದಲ್ಲಿ ಕಫ ಕಟ್ಟುವುದು ಕಡಿಮೆ. ಕೆಮ್ಮು ಬಂತೆ? ಒಗೆದು ಮಡಚಿದ ಕೌದಿಯನ್ನು ಹೊಲಿಗೆಯ ಮೇಲೆ ಮೆಲ್ಲಗೆ ಒತ್ತಿ ಹಿಡಿಯಿರಿ. ಏಳುವಾಗ ಮೊದಲು ಮಗ್ಗುಲಾಗಿ, ಮೊಣಕೈ ಊರಿ ಏಳಿ.

ಶಸ್ತ್ರಚಿಕಿತ್ಸೆಯಾದವರನ್ನು ಬೇಗ ಎಬ್ಬಿಸಬೇಕೆಂದು ಷಿಕಾಗೊದ ವೈದ್ಯ ಎಮಿಲ್ ರೀಸ್ 1899ರಲ್ಲೇ ವಾದಿಸಿದ್ದರು. ವೈದ್ಯಲೋಕ ಕಿವಿಗೊಡಲು ದಶಕಗಳೇ ಹಿಡಿದವು. ಮೀನಖಂಡ ಬಾತು ನೋಯುತ್ತಿದ್ದರೆ ಮಾತ್ರ ವ್ಯಾಯಾಮ ನಿಲ್ಲಿಸಿ, ತಕ್ಷಣ ವೈದ್ಯರಿಗೆ ತೋರಿಸಿ.