ಪಾಠಕ್ಕೆ ಜೆರಾಕ್ಸ್ ಮಾಡಬಹುದು, ಗ್ರೂಪಿಗೆ ಪಿಡಿಎಫ್ ಹಾಕಬಹುದಾ?

ಶಾಲೆ ಶುರುವಾಯಿತೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಜೆರಾಕ್ಸ್ ಅಂಗಡಿಗಳಲ್ಲಿ ರಶ್ಶು. ಒಬ್ಬರಿಗೆ ನಾಲ್ಕು ಪುಟ ಸಾಕು, ಇನ್ನೊಬ್ಬರಿಗೆ ಇಡೀ ಪುಸ್ತಕವೇ ಬೇಕು. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ.

1957ರ ಕಾಪಿರೈಟ್ ಕಾಯ್ದೆ ತರಗತಿಗೆ ದೊಡ್ಡ ರಿಯಾಯಿತಿ ಕೊಟ್ಟಿದೆ. ಅದರ 52ನೇ ಸೆಕ್ಷನ್ ಪ್ರಕಾರ ಪಾಠದ ಸಲುವಾಗಿ ಶಿಕ್ಷಕರಾಗಲಿ, ವಿದ್ಯಾರ್ಥಿಯಾಗಲಿ ನಕಲು ಮಾಡಿಕೊಂಡರೆ ಅದು ಉಲ್ಲಂಘನೆಯಲ್ಲ. ಪ್ರಶ್ನೆಪತ್ರಿಕೆಯಲ್ಲಿ ಪದ್ಯ ಹಾಕಬಹುದು, ಉತ್ತರದಲ್ಲೂ ಬರೆಯಬಹುದು. ಸ್ಕೂಲ್ ಡೇಯಲ್ಲಿ ಮಕ್ಕಳು, ಶಿಕ್ಷಕರು ಸೇರಿ ನಾಟಕ ಆಡಬಹುದು. ಆದರೆ ನೋಡುವವರು ಶಾಲೆಯವರು, ಪೋಷಕರು ಮತ್ತು ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಅದನ್ನೇ ಯೂಟ್ಯೂಬಿಗೆ ಹಾಕಿದರೆ ಈ ರಿಯಾಯಿತಿ ನಿಮ್ಮ ಬೆನ್ನಿಗಿರುವುದಿಲ್ಲ.

2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಪ್ರಕಾಶಕರು ದೆಹಲಿ ವಿಶ್ವವಿದ್ಯಾನಿಲಯ ಮತ್ತು ಅಲ್ಲಿನ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಕೇಸು ಹಾಕಿದ್ದರು. 2016ರಲ್ಲಿ ದೆಹಲಿ ಹೈಕೋರ್ಟ್, ಪಾಠಕ್ಕೆ ಬೇಕಾದಷ್ಟನ್ನು ನಕಲು ಮಾಡುವುದು ತಪ್ಪಲ್ಲ ಎಂದಿತು. ಇಲ್ಲಿ 'ಬೇಕಾದಷ್ಟು' ಅನ್ನೋದೇ ಮುಖ್ಯ ಮಾತು. ಟ್ಯೂಷನ್ ಸೆಂಟರಿನವರು ಯಾರದ್ದೋ ಗೈಡನ್ನು ಪೂರ್ತಿ ಪ್ರಿಂಟ್ ಹಾಕಿಸಿ ಮಾರಿದರೆ ಅದು ಪಾಠವಲ್ಲ, ವ್ಯಾಪಾರ. ಗೊತ್ತಿದ್ದೂ ಹಾಗೆ ಮಾಡಿದರೆ 3 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಹೊಸ ಪುಸ್ತಕದ ಪಿಡಿಎಫ್ ಅನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುವುದೂ ಪಾಠದ ಲೆಕ್ಕಕ್ಕೆ ಬರುವುದಿಲ್ಲ, ದುಡ್ಡು ತಗೊಳ್ಳದಿದ್ದರೂ ಅಷ್ಟೆ.

ಹಕ್ಕು ಎಷ್ಟು ಕಾಲ ಇರುತ್ತದೆ? ಲೇಖಕರು ತೀರಿಹೋದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. 2015ರಲ್ಲಿ ಅಗಲಿದ ಕಯ್ಯಾರ ಕಿಞ್ಞಣ್ಣ ರೈಗಳ ಕೃತಿಗಳ ಹಕ್ಕು 2075ರ ಕೊನೆಯವರೆಗೂ ಇರುತ್ತದೆ.

ನಮ್ಮ ಸಮುದಾಯಕ್ಕೆ ಈ ವಿಷಯ ಹೊಸದೇನಲ್ಲ. ಕಾಸರಗೋಡಿನ ಮಗಳು ಸಾರಾ ಅಬೂಬಕ್ಕರ್, 'ಬ್ಯಾರಿ' ಸಿನಿಮಾಕ್ಕೆ ತನ್ನ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಮಂಗಳೂರಿನ ಕೋರ್ಟ್ ಮೆಟ್ಟಿಲು ಹತ್ತಿದ್ದರು. ಬ್ಯಾರಿಯಂಥ ಸಣ್ಣ ಭಾಷೆಯಲ್ಲಿ ಪುಸ್ತಕ ಕೊಳ್ಳುವವರೇ ಕಡಿಮೆ. ಆ ನಾಲ್ಕು ಜನರಿಗೂ ಪಿಡಿಎಫ್ ಪುಕ್ಕಟೆ ಸಿಕ್ಕಿದರೆ ಬರೆಯುವವರು ಎರಡನೇ ಪುಸ್ತಕ ಯಾವ ಧೈರ್ಯದಿಂದ ತರಬೇಕು?

ದೀನಿನ ಲೆಕ್ಕದಲ್ಲೂ ಇದು ಹಕ್ಕುಲ್ ಇಬಾದ್, ಅಂದರೆ ಇನ್ನೊಬ್ಬ ಮನುಷ್ಯನ ಹಕ್ಕು. 1988ರಲ್ಲಿ ಕುವೈತ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ಬರಹಗಾರರ ಹಕ್ಕಿಗೆ ಶರೀಅತ್‌ನ ರಕ್ಷಣೆಯಿದೆ ಎಂದು ನಿರ್ಣಯಿಸಿದೆ.

ಹಾಗಾದರೆ ಮಾಡಬೇಕಾದ್ದೇನು? ಬೇಕಾದಷ್ಟೇ ಪುಟ ನಕಲು ಮಾಡಿ. ಪ್ರಾಜೆಕ್ಟಿನಲ್ಲಿ ಲೇಖಕರ, ಪುಸ್ತಕದ ಹೆಸರು ಬರೆಯಿರಿ. ಪೂರ್ತಿ ಬೇಕಾದರೆ ಕೊಳ್ಳಿ, ಇಲ್ಲವೇ ಲೈಬ್ರರಿಗೆ ತರಿಸಿ. ಲೇಖಕರು ನಮ್ಮ ಊರಿನವರೇ ಆಗಿದ್ದರೆ ಒಂದು ಫೋನ್ ಮಾಡಿ ಕೇಳಿ. ಮಕ್ಕಳ ಪಾಠಕ್ಕೆ ಅಂದರೆ ಬೇಡ ಎನ್ನುವವರು ಕಡಿಮೆ.