ಮೂರು ಮಿಲಿಮೀಟರಿನ ಕೃಷ್ಣಮೃಗ

ಬಂಕಾಪುರದ ಕೋಟೆಯೊಳಗಣ ನವಿಲುಗಳನ್ನೋ, ಹಾನಗಲ್ಲಿನ ಆನಿಕೆರೆ ಹಾಗೂ ಹಿರೇಕೆರೂರಿನ ದುರ್ಗಾದೇವಿ ಕೆರೆಯ ನೀರುಹಕ್ಕಿಗಳನ್ನೋ, ಸವಣೂರಿನಾಚೆಯ ಎರೆಹೊಲಗಳ ಮೇಲೆ ಸುಳಿದಾಡುವ ಹದ್ದುಗಳನ್ನೋ ಚಿತ್ರದಲ್ಲಿ ಹಿಡಿಯಬೇಕೆಂದು ಮನಸ್ಸು ಮಾಡಿದ ತರುಣನು ಅಂಗಡಿಯಲ್ಲಿ ನಿಂತು ಮೊದಲು ಕೇಳುವ ಪ್ರಶ್ನೆ ಒಂದೇ: ಫುಲ್‌ಫ್ರೇಮ್ ಕೊಳ್ಳಬೇಕೋ, ಕ್ರಾಪ್ ಸೆನ್ಸರ್ ಸಾಕೋ? ಉತ್ತರ ಹೇಳುವ ಮುನ್ನ ಈ ಎರಡು ಅಳತೆಗಳು ಹುಟ್ಟಿದ ಬಗೆಯನ್ನು ಅರಿಯುವುದು ಉಚಿತ. ಏಕೆಂದರೆ ಇವುಗಳಲ್ಲಿ ಯಾವುದೂ ವನ್ಯಜೀವಿಗಳನ್ನು ನೆನೆದು ಹುಟ್ಟಿದುದಲ್ಲ.

ಜರ್ಮನಿಯ ಲೈಟ್ಸ್ ಕಾರ್ಖಾನೆಯ ಆಸ್ಕರ್ ಬಾರ್ನಾಕ್, ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ, ಚಲನಚಿತ್ರದ 35 ಮಿಲಿಮೀಟರ್ ಸುರುಳಿಯನ್ನು ಅಡ್ಡಲಾಗಿ ಹಾಯಿಸಿ 36×24 ಮಿಲಿಮೀಟರಿನ ಚೌಕಟ್ಟನ್ನು ಪಡೆದನು; ಇಂದು ಫುಲ್‌ಫ್ರೇಮ್, ಅಂದರೆ ಪೂರ್ಣ ಚೌಕಟ್ಟು, ಎನ್ನುವುದು ಇದನ್ನೇ. 1925ರಲ್ಲಿ ಲೈಕಾ ಕ್ಯಾಮೆರಾ ಪೇಟೆಗೆ ಬಂದ ಮೇಲೆ ಅದೇ ಜಗತ್ತಿನ ರೂಢಿಯಾಯಿತು. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಇವರು ಕನ್ನಡನಾಡಿನ ಕಾಡುಗಳನ್ನು ಲೋಕಕ್ಕೆ ಕಾಣಿಸಿದ್ದು ಫಿಲ್ಮಿನ ಕಾಲದಲ್ಲಿ. 35 ಮಿಲಿಮೀಟರಿನ ಬಹುತೇಕ ಎಲ್ಲ ಕ್ಯಾಮೆರಾಗಳಲ್ಲೂ ಚೌಕಟ್ಟು ಅದೇ ಆಗಿದ್ದ ಆ ದಿನಗಳಲ್ಲಿ ಇಂದಿನ ಈ ಸಂದಿಗ್ಧವೇ ಇರಲಿಲ್ಲ.

ಆ ಸಂದಿಗ್ಧವನ್ನು ತಂದದ್ದು ಸಿಲಿಕಾನ್. ಸಂವೇದಕಗಳನ್ನು, ಅಂದರೆ ಸೆನ್ಸರುಗಳನ್ನು, ದುಂಡನೆಯ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿ ತೆಗೆಯುತ್ತಾರೆ. ತುಂಡು ದೊಡ್ಡದಾದಷ್ಟೂ ಒಂದು ಬಿಲ್ಲೆಯಿಂದ ದೊರೆಯುವ ಸಂಖ್ಯೆ ಕುಗ್ಗುವುದಲ್ಲದೆ, ಅಣುಮಾತ್ರದ ದೋಷವೊಂದು ಇಡೀ ತುಂಡನ್ನು ಕೆಡಿಸುವ ಸಂಭವವೂ ಹೆಚ್ಚುವುದು. ಆದುದರಿಂದ 1999ರಲ್ಲಿ ನಿಕಾನ್ ಕಂಪನಿಯು ಡಿ1 ಕ್ಯಾಮೆರಾವನ್ನು ಹೊರತಂದಾಗ, ಹಳೆಯ ಮಸೂರಗಳನ್ನೇ ಉಳಿಸಿಕೊಂಡು, ಸಂವೇದಕವನ್ನು ಮಾತ್ರ 24×16 ಮಿಲಿಮೀಟರಿನ ಆಸುಪಾಸಿಗೆ ಇಳಿಸಿತು; ಕ್ರಾಪ್ ಸೆನ್ಸರ್ ಎಂದರೆ ಇದೇ. ಮಸೂರವು ಮೂಡಿಸಿದ ಬಿಂಬದ ಅಂಚುಗಳು ಹೊರಗೆ ಚೆಲ್ಲಿಹೋದವು. ಮಿತವ್ಯಯಕ್ಕಾಗಿ ಮಾಡಿದ ಈ ಕತ್ತರಿಯೇ ಮುಂದೆ ಹಕ್ಕಿಚಿತ್ರಕಾರರಿಗೆ ವರವೆಂದು ತೋರಿತು: 400 ಮಿಲಿಮೀಟರಿನ ಮಸೂರ 600ರದರಂತೆ ಕಾಣಿಸುವುದೆಂಬ ಮಾತು ಹಬ್ಬಿತು. 2002ರಲ್ಲಿ ಕ್ಯಾನನ್ 1ಡಿಎಸ್, 2005ರಲ್ಲಿ ಅದಕ್ಕಿಂತ ಅಗ್ಗದ 5ಡಿ ಬಂದು ಪೂರ್ಣ ಚೌಕಟ್ಟು ಮರಳಿದಾಗ ಆಯ್ಕೆಯ ತೊಡಕು ಶುರುವಾಯಿತು.

400ರ ಮಸೂರ 600ರದರಂತಾಗುವುದೆಂಬ ಆ ಮಾತು ನಿಜವೇ? ರಾಣೇಬೆನ್ನೂರಿನ ಅಭಯಾರಣ್ಯದಲ್ಲಿ ನೂರು ಮೀಟರು ದೂರದಲ್ಲಿ ಕೃಷ್ಣಮೃಗವೊಂದು ನಿಂತಿದೆ ಎನ್ನೋಣ. ಅದರ ಹೆಗಲೆತ್ತರ ಸುಮಾರು 75 ಸೆಂಟಿಮೀಟರ್. 400 ಮಿಲಿಮೀಟರಿನ ಮಸೂರವು ಆ ಎತ್ತರವನ್ನು 3 ಮಿಲಿಮೀಟರಿಗೆ ಇಳಿಸುತ್ತದೆ. ಸಂವೇದಕ ಹಿರಿದಾಗಲಿ ಕಿರಿದಾಗಲಿ, ಬಿಂಬ ಅಷ್ಟೇ. ವ್ಯತ್ಯಾಸವಿರುವುದು ಆ ಮೂರು ಮಿಲಿಮೀಟರಿನಲ್ಲಿ ಎಷ್ಟು ಪಿಕ್ಸೆಲ್‌ಗಳು ನೆಲಸಿವೆ ಎಂಬುದರಲ್ಲಿ. 2007ರ ಆಗಸ್ಟಿನಲ್ಲಿ ನಿಕಾನ್ ಒಂದೇ ದಿನ ಪ್ರಕಟಿಸಿದ ಡಿ3, ಡಿ300 ಎರಡಕ್ಕೂ ಇದ್ದುದು 12 ಮೆಗಾಪಿಕ್ಸೆಲ್. ಪೂರ್ಣ ಚೌಕಟ್ಟಿನ ಡಿ3ರಲ್ಲಿ ನಮ್ಮ ಮೃಗಕ್ಕೆ ಸುಮಾರು 355 ಪಿಕ್ಸೆಲ್‌ಗಳ ಎತ್ತರ ಒದಗಿದರೆ, ಕ್ರಾಪ್ ಸೆನ್ಸರಿನ ಡಿ300ರಲ್ಲಿ 545. ಅಂದು ಕ್ರಾಪ್ ಸೆನ್ಸರಿನ ಹಿರಿಮೆ ನಿಜವಾದುದೇ. ಆದರೆ 2017ರ ಡಿ850, 45 ಮೆಗಾಪಿಕ್ಸೆಲ್‌ಗಳ ಪೂರ್ಣ ಚೌಕಟ್ಟಿನಲ್ಲಿ 690ರಷ್ಟನ್ನು ಕೊಟ್ಟು, ಕ್ರಾಪ್ ಸೆನ್ಸರಿನ ಡಿ500ರ 710ಕ್ಕೆ ಸರಿಸಮವಾಗಿ ಬಂದಿತು. ದೂರದ ಮೃಗದ ಮಟ್ಟಿಗೆ ಆ ಎರಡರ ಅಂತರವು ಹೆಚ್ಚಾಗಿ ಬೆಲೆಯಲ್ಲೇ ಉಳಿಯಿತೆನ್ನಬಹುದು.

ಬೆಳಕಿನ ವಿಷಯವನ್ನು ಎಲ್ಲರೂ ಅರ್ಧವೇ ಹೇಳುತ್ತಾರೆ. ಪೂರ್ಣ ಚೌಕಟ್ಟಿನ ವಿಸ್ತಾರ ಎರಡೂಕಾಲು ಪಟ್ಟಿಗಿಂತ ಹೆಚ್ಚು. ನಸುಕಿನ ಚಿತ್ರ ಅದರಲ್ಲಿ ನುಣುಪಾಗಿ ಬರುವುದೂ ದಿಟ. ಆದರೆ ಆ ವಿಸ್ತಾರವನ್ನು ಪ್ರಾಣಿಯು ತುಂಬಿದಾಗ ಮಾತ್ರ. ದೂರದ ಹಕ್ಕಿಯನ್ನು ತೆಗೆದು ಅಂಚುಗಳನ್ನು ಕತ್ತರಿಸಿಬಿಟ್ಟರೆ, ಕೊಂಡ ಹೆಚ್ಚಳವನ್ನು ಕೈಯಾರೆ ಎಸೆದಂತೆ. ತುಂಬಬಲ್ಲ ಜೀವಿ ಬೇಕೆಂದರೆ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಹೋಗಬೇಕು. ನಗರೇಶ್ವರ ದೇವಾಲಯವನ್ನೂ ಖಿಲಾರಿ ದನಗಳ ತಳಿಕೇಂದ್ರವನ್ನೂ ಒಡಲಲ್ಲಿಟ್ಟುಕೊಂಡ ಆ ಕೋಟೆಯಲ್ಲಿ ನವಿಲುಗಳು ಮನುಷ್ಯನಿಗೆ ಅಷ್ಟಾಗಿ ಬೆದರವು. ಮೂವತ್ತು ಮೀಟರು ದೂರದಲ್ಲಿ ಎರಡು ಮೀಟರು ಅಗಲಕ್ಕೆ ಗರಿ ಕೆದರಿದ ಗಂಡುನವಿಲು ಅದೇ ಮಸೂರದಲ್ಲಿ 27 ಮಿಲಿಮೀಟರು ಅಗಲದ ಬಿಂಬವಾಗಿ, ಪೂರ್ಣ ಚೌಕಟ್ಟಿನಲ್ಲಿ ನೆಮ್ಮದಿಯಾಗಿ ಕೂರುವುದು. ಕ್ರಾಪ್ ಸೆನ್ಸರಿನಲ್ಲಿ ಎರಡೂ ಪಕ್ಕದ ಗರಿಗಳು ಕಡಿದುಹೋಗುವುವು. ಹಿಂದಕ್ಕೆ ಸರಿಯಲು ಜಾಗವಿದ್ದವನಿಗೆ ಅದೂ ತೊಡಕಲ್ಲ.

ಎರೆಭೂಮಿಯ ಮೇಲೆ ಹೊತ್ತೇರಿದೊಡನೆ ಏಳುವ ಬಿಸಿಗಾಳಿಯ ನಡುಕಕ್ಕಂತೂ ಇವೆರಡರಲ್ಲಿ ಯಾವುದೂ ಮದ್ದಲ್ಲ; ದೂರದ ಮೃಗ ಕಲಸಿಯೇ ಬರುವುದು. ಬೆಳಗಿನ ಮೊದಲೆರಡು ಗಂಟೆಗಳನ್ನು ಬಳಸಿಕೊಳ್ಳಿ, ಕಾದು ಕುಳಿತು ಹತ್ತಿರವಾಗಿ, ಗೂಡಿರುವೆಡೆ ಮಾತ್ರ ದೂರವೇ ಇರಿ. ಈ ಐದು ತಾಲ್ಲೂಕುಗಳ ಬಯಲು ಬೆಳಕಿಗೆ ಕ್ರಾಪ್ ಸೆನ್ಸರಿನ ಕ್ಯಾಮೆರಾ ಸಾಕು. ಉಳಿದ ಹಣವನ್ನು ಒಳ್ಳೆಯ ಉದ್ದ ಮಸೂರಕ್ಕೆ ಹಾಕಿರಿ.